ನಾಲ್ಕನೆಯ ಸಿಲಿಂಡರ್

ಕಾರು ಪೂರ್ತಿಯಾಗಿ ಕೆಟ್ಟು ನಿಂತರೆ ಅದೂ ಒಂದು ಬಗೆಯ ನೆಮ್ಮದಿಯೇ. ನಾಲ್ಕು ಜನ ಸೇರಿ ತಳ್ಳಿದರೆ ಆ ದಿನದ ಕರ್ತವ್ಯ ಮುಗಿಯಿತು. ಓಡುತ್ತಲೇ ಕೆಟ್ಟಿರುವ ಕಾರು ಮಾತ್ರ ಮನುಷ್ಯನ ನಿದ್ದೆಗೆಡಿಸುತ್ತದೆ. ಮೈಸೂರಿನ ಆ ಮನೆಯ ಯಜಮಾನರ ನಿದ್ದೆ ಕೆಟ್ಟದ್ದು ಒಂದು ಶ್ರಾವಣದಲ್ಲಿ. ಅದುವರೆಗೆ ಸಮತಾಳದಲ್ಲಿ ಓಡುತ್ತಿದ್ದ ಅವರ ಹಳೆಯ ಅಂಬಾಸಿಡರ್, ಚಾಮುಂಡಿ ಬೆಟ್ಟದ ಏರು ಬಂದೊಡನೆ ಹೆಜ್ಜೆ ತಪ್ಪಿ ಮುಗ್ಗರಿಸತೊಡಗಿತು. ಗ್ಯಾರೇಜಿನ ಭಾಷೆಯಲ್ಲಿ ಈ ರೋಗಕ್ಕೆ ‘ಮಿಸ್ಸಿಂಗ್’ ಎಂದು ಹೆಸರು.

ಮೊದಲು ನೋಡಿದ ಮೆಕ್ಯಾನಿಕ್ಕು ಬಾನೆಟ್ಟನ್ನು ಪೂರ್ತಿ ಎತ್ತುವ ಮುನ್ನವೇ, “ವಾಲ್ವ್ ಹೋಗಿದೆ, ಹೆಡ್ ಇಳಿಸಬೇಕು” ಎಂದು ತೀರ್ಪಿತ್ತ. ಮಗನ ತೀರ್ಪು ಇನ್ನೂ ಸರಳ. “ಇದರ ತಯಾರಿಕೆಯೇ 2014ರಲ್ಲಿ ನಿಂತುಹೋಯಿತಪ್ಪ. ಗುಜರಿಗೆ ಕೊಟ್ಟುಬಿಡಿ.”

ಯಜಮಾನರು ಮಾತನಾಡಲಿಲ್ಲ. ನಿವೃತ್ತರಾದ ಮೇಲೆ ಮನೆಯ ವ್ಯವಹಾರವೆಲ್ಲ ಒಂದೊಂದಾಗಿ ಅವರ ಕೈಯಿಂದ ಜಾರಿತ್ತು. ಹಾಲು, ಬ್ಯಾಂಕು, ಮೊಮ್ಮಗಳ ಶಾಲೆಯ ಶುಲ್ಕ ಎಲ್ಲವೂ ಮಗನ ಮೊಬೈಲಿನಲ್ಲೇ ನಡೆಯುತ್ತಿದ್ದವು. ಅವರ ಪಾಲಿಗೆ ಉಳಿದಿದ್ದುದು ಈ ಕಾರಿನ ಬೀಗದ ಕೈ ಒಂದೇ.

ಕೊನೆಗೆ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದರು. ಅಷ್ಟರಲ್ಲಿ ಮಳೆ ಹಿಡಿದು, ಎಂಜಿನ್ನು ನಿಂತಲ್ಲಿಯೂ ತಡವರಿಸುತ್ತಿತ್ತು. ಆತ ಸ್ವಲ್ಪ ಹೊತ್ತು ಸುಮ್ಮನೆ ಕಿವಿಗೊಟ್ಟು ನಿಂತ. ಬಳಿಕ ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಸಿಕ್ಕಿಸುತ್ತ ಬಂದ. ಮೊದಲನೆಯದನ್ನು ಬಿಡಿಸಿದಾಗ ಎಂಜಿನ್ನು ಗಡಗಡ ನಡುಗಿತು. ಎರಡನೆಯದಕ್ಕೂ ಮೂರನೆಯದಕ್ಕೂ ಹಾಗೆಯೇ. ನಾಲ್ಕನೆಯದನ್ನು ಬಿಡಿಸಿದಾಗ ಏನೂ ಆಗಲಿಲ್ಲ.

“ಇದೇ ಸ್ವಾಮಿ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.”

ಆ ಮಾತು ಯಜಮಾನರಿಗೆ ಏಕೋ ಚುಚ್ಚಿತು. “ಹಾಗಾದರೆ ಅದು ಸತ್ತಂತೆಯೇ?” ಎಂದರು.

“ಕೆಲಸ ಮಾಡುತ್ತಿಲ್ಲ ಅಂದರೆ ಸತ್ತಿದೆ ಅಂತ ಅಲ್ಲ ಸ್ವಾಮಿ. ನೋಡೋಣ.”

ಮಗ ನಕ್ಕ. “ನನ್ನ ಕಾರಾದರೆ ‘ಪಿ 0304’ ಅಂತ ಕಂಪ್ಯೂಟರೇ ಹೇಳಿಬಿಡುತ್ತಿತ್ತು.”

“ಯಾವುದು ಅಂತ ಹೇಳುತ್ತದೆ ಸ್ವಾಮಿ, ಯಾಕೆ ಅಂತ ಹೇಳುವುದಿಲ್ಲ” ಎಂದ ಮೇಸ್ತ್ರಿ.

ಸಿಲಿಂಡರು ಉಸಿರಾಡಬೇಕಾದರೆ ಪೆಟ್ರೋಲು ಬೆರೆತ ಗಾಳಿ, ಒತ್ತಡ, ಕಿಡಿ ಈ ಮೂರೂ ಬೇಕು. ಬಿಚ್ಚಿದ ಪ್ಲಗ್ಗು ಪೆಟ್ರೋಲಿನಿಂದ ತೊಯ್ದಿತ್ತು. ಅಂದಮೇಲೆ ಆಹಾರಕ್ಕೆ ಕೊರತೆಯಿಲ್ಲ. ಪ್ಲಗ್ಗಿನ ರಂಧ್ರಕ್ಕೆ ಹೆಬ್ಬೆರಳೊತ್ತಿ ಎಂಜಿನ್ನನ್ನು ತಿರುಗಿಸಿದಾಗ ಗಾಳಿ ಬೆರಳನ್ನೇ ತಳ್ಳಿಹಾಕಿತು; ವಾಲ್ವಿನ ಮೇಲಿನ ಆರೋಪವೂ ಬಿದ್ದುಹೋಯಿತು. ಮೂರನೆಯ ಪ್ಲಗ್ಗನ್ನು ನಾಲ್ಕನೆಯದಕ್ಕೆ ಹಾಕಿದರೂ, ತಂತಿ ಬದಲಿಸಿದರೂ ದೋಷ ನಾಲ್ಕನೆಯ ಮನೆಯನ್ನು ಬಿಟ್ಟು ಕದಲಲಿಲ್ಲ. ಇನ್ನುಳಿದಿದ್ದುದು ಕಿಡಿಯನ್ನು ನಾಲ್ವರಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ.

“ಕತ್ತಲಾಗಲಿ” ಎಂದು ಮೇಸ್ತ್ರಿ ಕಾಫಿ ಕುಡಿದ.

ಸಂಜೆ ಮಗನೇ ಷೆಡ್ಡಿನ ದೀಪ ಆರಿಸಿದ. ಎಂಜಿನ್ನು ಶುರುವಾದೊಡನೆ ಮೊಮ್ಮಗಳು, “ತಾತಾ, ಮಿಣುಕುಹುಳು!” ಎಂದು ಕೂಗಿದಳು. ಮುಚ್ಚಳದ ಮೇಲೆ, ನಾಲ್ಕನೆಯ ತಂತಿಯ ಬುಡದಿಂದ ಕಬ್ಬಿಣದ ಕ್ಲಿಪ್ಪಿನವರೆಗೆ, ನೀಲಿಯ ಎಳೆಯೊಂದು ಹರಿದಾಡುತ್ತಿತ್ತು. ಒರೆಸಿ ನೋಡಿದರೆ ಅಲ್ಲೊಂದು ಕೂದಲೆಳೆಯ ಬಿರುಕು. ಬ್ಯಾಟರಿಯ 12 ವೋಲ್ಟನ್ನು ಕಾಯಿಲು ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದರೂ, ಅದು ಪ್ಲಗ್ಗಿನ ತುದಿಯ ಸಂದನ್ನು, ಅಂಗುಲದ 40ನೆಯ ಒಂದು ಪಾಲಿನಷ್ಟನ್ನು, ಹಾರುವ ಶ್ರಮಕ್ಕೆ ಬೇಸತ್ತು ತೇವಗೊಂಡ ಬಿರುಕಿನ ಸುಲಭದ ದಾರಿ ಹಿಡಿದಿತ್ತು. ಏರಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿದಂತೆ ಹಾರುವುದು ಇನ್ನೂ ಕಷ್ಟ. ಬೆಟ್ಟದಲ್ಲೇ ರೋಗ ಬಯಲಾದುದಕ್ಕೆ ಅದೇ ಕಾರಣ.

“ಇದರ ತಪ್ಪೇನಿಲ್ಲ ಸ್ವಾಮಿ. ಇದರವರೆಗೆ ಕಿಡಿ ಬರುತ್ತಿರಲಿಲ್ಲ, ಅಷ್ಟೇ” ಎಂದ ಮೇಸ್ತ್ರಿ.

ಯಜಮಾನರು ಆ ಬಿರುಕನ್ನು ಬಹಳ ಹೊತ್ತು ನೋಡುತ್ತ ನಿಂತರು. ಮಗನ ಕಣ್ಣು ಮಾತ್ರ ಮುಚ್ಚಳದ ಮೇಲಿರಲಿಲ್ಲ, ತಂದೆಯ ಮುಖದ ಮೇಲಿತ್ತು.

ಮರುದಿನ ಹೊಸ ಮುಚ್ಚಳ ಬಂತು. ಎಂಜಿನ್ನಿನ ಸದ್ದು ಕೇಳಿ ಹೊರಬಂದ ಮಗ, ಬಾಗಿಲಲ್ಲಿ ನಿಂತು, “ಸೋಮವಾರದಿಂದ ಪುಟ್ಟಿಯನ್ನು ಶಾಲೆಗೆ ನೀವೇ ಬಿಟ್ಟುಬರುತ್ತೀರಾ ಅಪ್ಪ? ನನಗೆ ಹೊತ್ತಾಗಿಬಿಡುತ್ತದೆ” ಎಂದ.

ಯಜಮಾನರು ಎಂಜಿನ್ನಿನತ್ತ ಕಿವಿಯಿಟ್ಟುಕೊಂಡೇ, “ಎಷ್ಟು ಗಂಟೆಗೆ?” ಎಂದರು.