ಗಾಳಿಗೆ ತೆತ್ತ ಹಣ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯನ್ನು ನಮ್ಮ ನಿಪ್ಪಾಣಿಯ ಕಡೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಕಣದಲ್ಲಿ ಜೋಳದ ರಾಶಿಯನ್ನಿಟ್ಟುಕೊಂಡು ಅವನು ಗಾಳಿಯ ದಾರಿ ಕಾಯುವದನ್ನು ನಾವು ಬಾಲ್ಯದಿಂದಲೂ ಕಂಡವರು. ಆ ಗಾಳಿಗೆ ಅವನು ಒಂದು ಕಾಸನ್ನೂ ಕೊಡುವದಿಲ್ಲ. ಆದರೆ ಗಾಳಿಯನ್ನು ಹಿಡಿಯುವ ಸಲುವಾಗಿ ಹಣ ತೆರುವ ಜನರೂ ಲೋಕದಲ್ಲಿ ಉಂಟೆಂಬದು, ಅವರಲ್ಲಿ ನಮ್ಮ ಮಗನೇ ಒಬ್ಬನೆಂಬದು, ಹೋದ ವರ್ಷ ನಮಗೆ ತಿಳಿಯಿತು.

ನಮ್ಮ ಕಿರಿಯ ಮಗನು ಮುಂಬಯಿಯಲ್ಲಿ ಉದ್ಯೋಗದಲ್ಲಿರುವನು. ಅವನೂ ಅವನ ಮೂವರು ಗೆಳೆಯರೂ ಸೇರಿ ಒಂದು ಹಳೆಯ ಹಾಯಿದೋಣಿಯನ್ನು ಕೊಂಡು ರವಿವಾರದ ಪಂದ್ಯಗಳಿಗೆ ಹೋಗುವರು. ಅದಕ್ಕೆ ಸ್ಪಿನ್ನಾಕರ್ ಎಂಬ ಹಾಯಿಯೊಂದು ಬೇಕಾಗಿದೆ, ತನ್ನ ಪಾಲಿನ ಹಣದಲ್ಲಿ ಕೊರತೆ ಬಿದ್ದಿದೆ ಎಂದು ಅವನು ನಮಗೆ ತಿಳಿಸಿದನು. ಆ ಕೊರತೆಯು ನಮ್ಮ ಒಂದು ತಿಂಗಳ ನಿವೃತ್ತಿವೇತನಕ್ಕೆ ಸಮನಾಗಿತ್ತು. ಮಳೆಗಾಲಕ್ಕೆ ಮೊದಲು ಅಡಿಗೆಮನೆಯ ಹಂಚುಗಳನ್ನು ತೆಗೆಸಿ ಹೊಸದಾಗಿ ಹೊದಿಸಲೆಂದು ನಾವು ಅಷ್ಟೇ ಹಣವನ್ನು ತೆಗೆದಿಟ್ಟಿದ್ದೆವು. "ಬೀಸೋ ಗಾಳಿ ಪುಕ್ಕಟ, ಅದನ್ನ ಹಿಡೀಲಿಕ್ಕೆ ಇಷ್ಟು ರೊಕ್ಕ ಯಾಕ?" ಎಂದು ನಮ್ಮ ಮನೆಯವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಪಂದ್ಯವೆಂದರೆ ನಮ್ಮ ಮನೆತನಕ್ಕೆ ಹಳೆಯ ಭಯ. ನಮ್ಮ ಅಜ್ಜನವರು ಎತ್ತಿನ ಗಾಡಿಯ ಶರ್ಯತ್ತಿನ ಹುಚ್ಚಿನಲ್ಲಿ ಎರಡು ಎಕರೆ ಹೊಲವನ್ನು ಕಳೆದವರು. ಎತ್ತುಗಳಿಗೆ ಹಾಲು ತುಪ್ಪ ನಡೆಯುತ್ತಿದ್ದಾಗ ಮನೆಯ ಮಕ್ಕಳಿಗೆ ಮಜ್ಜಿಗೆಯೂ ಅಷ್ಟಕ್ಕಷ್ಟೆ. ಗೆದ್ದ ದಿನ ಊರಿಗೆಲ್ಲ ಊಟ. ಸೋತ ದಿನ ಮತ್ತೊಂದು ಹೊಸ ಜೋಡಿ!

ಸ್ಪಿನ್ನಾಕರಿನ ಸ್ವರೂಪವನ್ನು ವಾಚಕರು ಮೊದಲು ತಿಳಿಯಬೇಕು. ಹಾಯಿಗೆ ಸಂಸ್ಕೃತದಲ್ಲಿ ವಾತಪಟವೆನ್ನುವರು. ಮಗನ ದೋಣಿಯಂಥವುಗಳಿಗೆ ಎರಡು ವಾತಪಟಗಳಿರುವವು. ಗಾಳಿಗೆ ಎದುರಾಗಿ ಓರೆಯೋರೆಯಾಗಿ ಸಾಗುವಾಗ ಅವೇ ಸಾಕು. ಗಾಳಿಯು ಬೆನ್ನ ಹಿಂದಿನಿಂದ ಬೀಸತೊಡಗಿದಾಗ ಮಾತ್ರ ಈ ಮೂರನೆಯದನ್ನು ಮುಂಭಾಗದಲ್ಲಿ ಏರಿಸುವರು. ಇದು ತೆಳ್ಳನೆಯ ನೈಲಾನ್ ಬಟ್ಟೆಯದು. ಗಾಳಿ ತುಂಬಿದೊಡನೆ ಬುಗ್ಗೆಯಂತೆ ಉಬ್ಬುವದು. ಅನೇಕ ದೋಣಿಗಳಲ್ಲಿ ಇದೊಂದೇ ಉಳಿದೆರಡರ ಒಟ್ಟು ವಿಸ್ತಾರವನ್ನು ಮೀರುವದು. ಇದುಳ್ಳ ದೋಣಿಗೂ ಇಲ್ಲದ ದೋಣಿಗೂ ಪಂದ್ಯವು ಸಮವಲ್ಲವಾದುದರಿಂದ ಎಷ್ಟೋ ಕಡೆ ಇಲ್ಲದವುಗಳಿಗೆ ಬೇರೆ ಪಂಗಡವನ್ನೇ ಮಾಡಿರುವರು. ನಮ್ಮ ಮಗನು ಅದುವರೆಗೆ ಆ ಪಂಗಡದವನು.

ಹಾಯಿಯ ಬೆಲೆಯೇ ವೆಚ್ಚವೆಂದು ನಾವು ಬಗೆದಿದ್ದೆವು. ಅದು ಆರಂಭ ಮಾತ್ರ. ಅದನ್ನು ಹೊರಚಾಚಿ ಹಿಡಿಯಲು ಗಳು ಬೇಕು, ಹಗ್ಗಗಳು ಬೇಕು, ರಾಟೆಗಳು ಬೇಕು. ಚುಕ್ಕಾಣಿ ಹಿಡಿದವನಲ್ಲದೆ ಗಳುವಿಗೊಬ್ಬ, ಹಗ್ಗಕ್ಕೊಬ್ಬ ಬೇಕು. ಏರಿಸುವಾಗ ತಿರುಚಿಕೊಂಡರೆ ಹಾಯಿಯು ಡಮರುವಿನ ಆಕಾರ ತಾಳುವದು. ಅದನ್ನು ಬಿಡಿಸುವಷ್ಟರಲ್ಲಿ ಪಂದ್ಯವೇ ಮುಗಿದುಹೋಗಬಹುದು. ಗಾಳಿಯು ಒಮ್ಮೆಲೆ ಬಲಿತರೆ ದೋಣಿಯು ಚುಕ್ಕಾಣಿಯ ಮಾತು ಕೇಳದೆ ಗಾಳಿಯ ಕಡೆಗೆ ತಿರುಗಿ ಮಗ್ಗುಲಾಗಿ ಮಲಗುವದು. ಇವೆಲ್ಲಕ್ಕಿಂತ ದೊಡ್ಡ ವೆಚ್ಚವು ನಮ್ಮ ಮನೆಯ ಲೆಕ್ಕಕ್ಕೆ ಬಿದ್ದಿತು. ಮುಂಬಯಿಯಲ್ಲಿ ಮಳೆಗಾಲ ಕಳೆದಂದಿನಿಂದ ಬೇಸಿಗೆಯ ಕೊನೆಯವರೆಗೆ ಈ ಆಟ. ಅಭ್ಯಾಸವಿದೆಯೆಂದು ಮಗನು ದೀಪಾವಳಿಗೂ ಬರಲಿಲ್ಲ, ಸಂಕ್ರಮಣಕ್ಕೂ ಬರಲಿಲ್ಲ. ಅವನ ತಾಯಿ ಕುಸುರೆಳ್ಳನ್ನು ಡಬ್ಬಿಯಲ್ಲಿ ತುಂಬಿ ಎತ್ತಿಟ್ಟರು.

ಇಲ್ಲವೆಂದು ಎದುರಿಗೇ ಹೇಳಿ ಬರೋಣವೆಂದು, ಆ ಡಬ್ಬಿಯನ್ನೂ ಹಿಡಿದುಕೊಂಡು, ಫೆಬ್ರುವರಿಯಲ್ಲಿ ನಾವು ಮುಂಬಯಿಗೆ ಹೋದೆವು. ಆ ರವಿವಾರ ಅವರಿಗೆ ಎರವಿನ ಸ್ಪಿನ್ನಾಕರೊಂದು ಸಿಕ್ಕಿತ್ತು. ಗೇಟ್‌ವೇ ಆಫ್ ಇಂಡಿಯಾದ ಬಳಿ ಮೋಟಾರು ದೋಣಿಯನ್ನು ಹತ್ತಿ ನಾವು ನೋಡಹೋದೆವು. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಎದ್ದಿತು. ದೋಣಿಗಳು ನೀರಿನಲ್ಲಿ ತೇಲಬಿಟ್ಟ ಗುರುತನ್ನು ಸುತ್ತಿ ಗಾಳಿಗೆ ಬೆನ್ನು ಕೊಟ್ಟವೋ ಇಲ್ಲವೋ, ಕೆಂಪು, ಹಳದಿ, ನೀಲಿ ಹಾಯಿಗಳು ಒಂದರ ಹಿಂದೊಂದು ಅರಳಿದವು. ಅರವತ್ತರ ನಮ್ಮ ಎದೆಯೂ ಒಮ್ಮೆ ಉಬ್ಬಿತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮಗನ ದೋಣಿಯು ಮೂರನೆಯದಾಗಿ ಓಡುತ್ತಿತ್ತು. ಗುರಿಯು ಇನ್ನೂ ದೂರವಿದ್ದಾಗ ಹಿಂದುಗಡೆಯ ನೀರು ಕಪ್ಪಾಗುತ್ತ ಬಂದಿತು. ಬಲವಾದ ಗಾಳಿ ಬರುವ ಸೂಚನೆಯದು. ಅವರು ಹಾಯಿಯನ್ನು ಇಳಿಸಿಬಿಟ್ಟರು. ಎರಡು ದೋಣಿಗಳು ಅವರನ್ನು ದಾಟಿ ಹೋದವು. ಮರುಗಳಿಗೆಯಲ್ಲಿಯೇ ಮುಂದಿದ್ದವುಗಳಲ್ಲೊಂದು ಮಗ್ಗುಲಾಗಿ ಬಿದ್ದಿತು. ಅದರ ಹಾಯಿ ಹರಿದು ಚಿಂದಿಯಾಯಿತು. ನಮ್ಮವರು ನಾಲ್ಕನೆಯವರಾಗಿ ಗುರಿ ಮುಟ್ಟಿದರು.

"ಯಾಕೋ, ಇಷ್ಟು ಲಗೂ ಇಳಿಸಿದ್ರಿ?" ಎಂದು ದಡದಲ್ಲಿ ಕೇಳಿದೆವು.

"ಅಪ್ಪಾ, ಏರಿಸೋದು ಯಾರಿಗೂ ಬರತದ. ಇಳಿಸೋದನ್ನ ಕಲೀಲಿಕ್ಕೇ ನಮ್ಮ ರವಿವಾರ ಎಲ್ಲಾ ಹೋದವು" ಎಂದನು.

ನಮ್ಮ ಅಜ್ಜನವರಿಗೆ ತಿಳಿಯದೆ ಹೋದ ವಿದ್ಯೆ ಇದೊಂದೇ.

ಆ ರಾತ್ರಿ ಅವನು ಬಹಳ ಹೊತ್ತು ಮಾತನಾಡಿದನು. ಕೆ. ಸಿ. ಗಣಪತಿ, ವರುಣ್ ಠಕ್ಕರ್ ಎಂಬಿಬ್ಬರು ಇಂಥದೇ ಹಾಯಿಯುಳ್ಳ ಇಬ್ಬರಾಳಿನ ದೋಣಿಯಲ್ಲಿ 2018ರ ಜಕಾರ್ತದ ಏಷ್ಯಾ ಕ್ರೀಡೆಗಳಲ್ಲಿ ಕಂಚಿನ ಪದಕ ಪಡೆದರಂತೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 17ನೆಯವರಾದರಂತೆ. ವರ್ಷಗಟ್ಟಲೆ ದುಡಿದು ಹದಿನೇಳನೆಯ ಸ್ಥಾನವೇ ಎಂದೆವು. ಅಲ್ಲಿಗೆ ಹೋದದ್ದೇ ದೊಡ್ಡದು ಎಂದನು. ಇನ್ನೊಂದು ಸಂಗತಿಯು ನಮ್ಮನ್ನು ಹೆಚ್ಚು ಕಾಡಿತು. 1985ರಿಂದ 1987ರವರೆಗೆ ನಮ್ಮ ಸೇನೆಯ ಇಂಜಿನಿಯರ್ ದಳದವರು ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದರು. ಆ ದೋಣಿಯ ಹೆಸರು ತೃಷ್ಣಾ! ತೃಷ್ಣೆಯನ್ನು ಬಿಡಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಾವು, ನೀರಡಿಕೆ ಎಂಬದೇ ಆ ಶಬ್ದದ ಮೊದಲ ಅರ್ಥವೆಂಬದನ್ನು ಮರೆತೇಬಿಟ್ಟಿದ್ದೆವು. ನೀರಡಿಸಿದವನು ಕುಡಿಯುವದು ದೋಷವಲ್ಲ. ಸಾಕೆನ್ನಲು ಅರಿಯದಿರುವದು ದೋಷ.

ಹಣವನ್ನು ಕೊಟ್ಟೆವು. ಕರಾರು ಒಂದೇ: ಹಬ್ಬ ಬಂದಾಗ ಹಾಯಿ ಇಳಿಸಿ ಊರಿಗೆ ಬರಬೇಕು.

ಆ ಮಳೆಗಾಲದಲ್ಲಿ ಅಡಿಗೆಮನೆ ಸೋರಿತು. ಬೋಗುಣಿಯನ್ನು ಇಡುವಾಗಲೆಲ್ಲ ಮನೆಯವರು, "ಇಗೋ, ನಿಮ್ಮ ಮಗನ ಹಾಯಿ ಸೋರಲಿಕ್ಕತ್ತದ" ಎನ್ನುವರು. ಮಾತಿಗೆ ತಪ್ಪದೆ ದೀಪಾವಳಿಗೆ ಬಂದ ಮಗನು, ನೀರು ತುಂಬುವ ಹಬ್ಬದ ಮರುದಿನ ತಾನೇ ಮನೆಯ ಮೇಲೇರಿ, ಹಗ್ಗ ಕಟ್ಟಿ ಹಂಚುಗಳನ್ನು ಸೇದಿಕೊಂಡು ಹೊದಿಸಿದನು. ಹಗ್ಗಕ್ಕೆ ಅವನು ಹಾಕಿದ ಗಂಟನ್ನು ನಾವು ಕೆಳಗೆ ನಿಂತು ನೋಡಿದೆವು; ಅದು ಈ ಊರಿನ ಗಂಟಾಗಿರಲಿಲ್ಲ.