ವೀರಗಲ್ಲಿನ ಕೆಳಗಣ ಪಟ್ಟಿಕೆ

ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯಲ್ಲಿ ತಿರುಗುವಾಗ ವೀರಗಲ್ಲೊಂದು ಕಂಡರೆ ನಾನು ನಿಲ್ಲದೆ ಮುಂದುವರಿಯಲಾರೆ. ನೋಡುವವರು ಬಹುಮಟ್ಟಿಗೆ ಮೇಲಣ ಪಟ್ಟಿಕೆಗಳನ್ನು ಮೆಚ್ಚುವರು: ತುದಿಯಲ್ಲಿ ಸೂರ್ಯಚಂದ್ರರು, ಶಿವಸನ್ನಿಧಿ, ನಡುವೆ ವೀರನನ್ನೊಯ್ಯುವ ಅಪ್ಸರೆಯರು. ನನ್ನ ಕಣ್ಣು ಕೆಳಗಣ ಪಟ್ಟಿಕೆಯಲ್ಲಿಯೇ ನಿಲ್ಲುವುದು. ಅವನು ಏತಕ್ಕಾಗಿ ಸತ್ತನೆಂಬುದು ಅಲ್ಲಿದೆ. ಕನ್ನಡನಾಡಿನ ಎಷ್ಟೋ ಕಲ್ಲುಗಳಲ್ಲಿ ಅದು ತುರುಗೊಳ್. ಊರ ದನಗಳನ್ನು ಹಗೆಗಳಿಂದ ಬಿಡಿಸಹೋಗಿ ಮಡಿದವನ ಕಥೆ. ರಾಜ್ಯ ಗೆದ್ದವನಲ್ಲ, ನೆರೆಮನೆಯ ಹಸುವಿಗಾಗಿ ಬಿದ್ದವನು.

ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು, ತಾನು ಸೆರೆಯಾಗಲಿದ್ದ ರಾತ್ರಿ, ಗೆಳೆಯರಿಗಾಗಿ ಜೀವವನ್ನೀಯುವುದೇ ಒಲವಿನ ತುತ್ತತುದಿಯೆಂದು ಶಿಷ್ಯರಿಗೆ ತಿಳಿಸಿದನು. 1914-18ರ ಮಹಾಯುದ್ಧದ ತರುವಾಯ ಇಂಗ್ಲೆಂಡಿನ ಎಷ್ಟೋ ಊರುಗಳ ಸ್ಮಾರಕಗಳಲ್ಲಿ ಆ ವಾಕ್ಯವನ್ನೇ ಕೆತ್ತಿಸಿದರು. ಸ್ವಾಮಿಯಾದರೋ ಕತ್ತಿಯನ್ನು ಒರೆಗೆ ಸೇರಿಸೆಂದವನು, ಯಾರನ್ನೂ ಕೊಲ್ಲದೆ ಸತ್ತವನು. ದೊರೆಗಳ ಜಗಳದಲ್ಲಿ ಬಿದ್ದ ಸಿಪಾಯಿಗೆ ಆ ಮಾತು ಸಲ್ಲುವುದೆ? ಹೊನ್ನಾವರದ ಕ್ರೈಸ್ತ ಮಿತ್ರರೊಬ್ಬರನ್ನು ಕೇಳಿದೆನು. “ಜಗಳ ದೊರೆಗಳದು, ಕಂದಕದಲ್ಲಿ ಮಗ್ಗುಲಿಗಿದ್ದವನು ಮಾತ್ರ ಗೆಳೆಯನೇ ತಾನೆ?” ಎಂದರು. ನನಗೆ ಅರ್ಧ ಸಮಾಧಾನವಾಯಿತು. ಉಳಿದರ್ಧವನ್ನು ಯುದ್ಧ ಹೂಡಿದವರು ಹೇಳಬೇಕು.

ನಮ್ಮ ಕಡೆಯ ಮಳೆಗೆ ಮಣ್ಣೇರಿ ಮೊದಲು ಹೂತುಹೋಗುವುದು ಕೆಳಗಣ ಪಟ್ಟಿಕೆಯೇ. ಮಳೆ ಹಿಂದೆಗೆದೊಡನೆ ಸಂಘದ ತರುಣರು ಗುದ್ದಲಿ ಹಿಡಿದು ಆ ಬುಡಗಳನ್ನು ಮೆಲ್ಲಗೆ ಬಿಡಿಸಬೇಕೆಂದು ಬೇಡುತ್ತೇನೆ.