ಪಂಚಮಿ ಉಂಡಿ ಮತ್ತ ಸಿಬಿಲ್

ಮಧ್ಯಾಹ್ನ ಊಟ ಆಗಿ ಭಾಂಡೆ ತಿಕ್ಕಿಟ್ಟ ಮ್ಯಾಲ ನನಗ ಒಂದು ತಾಸು ಪುರಸೊತ್ತು ಸಿಗತದ. ಪಂಚಮಿ ಉಂಡಿಗೆ ಶೇಂಗಾ ಸುಲಕೋತ, ಮಗಳು ಹಚ್ಚಿಕೊಟ್ಟು ಹೋದ ‘ಡೌನ್‌ಟನ್ ಆಬಿ’ ಅನ್ನೋ ಇಂಗ್ಲಿಷ್ ಧಾರಾವಾಹಿ ನೋಡಲಿಕ್ಕೆ ಹತ್ತಿದೆ. ಅವರ ಮಾತು ಅರ್ಧ ತಿಳಿಯೂದಿಲ್ಲ ಖರೆ. ಆದ್ರ ಮನಿ ಜಗಳ ತಿಳಿಲಿಕ್ಕೆ ಭಾಷಾ ಯಾಕ ಬೇಕ್ರೀ?

ಕಥಿ 1912ರಾಗ ಶುರು ಆಗತದ. ಇಂಗ್ಲೆಂಡಿನ ದೊಡ್ಡ ಜಹಗೀರದಾರ, ಮೂರು ಹೆಣ್ಣಮಕ್ಕಳು. ಸಣ್ಣಾಕಿ ಸಿಬಿಲ್. ಆಗ ಅಲ್ಲಿ ಪಾರ್ಲಿಮೆಂಟಿಗೆ ಓಟು ಹಾಕೋ ಹಕ್ಕು ಹೆಂಗಸರಿಗೆ ಇರಲಿಲ್ಲ. ಕೇಳಿದವರು ಜೈಲಿಗೆ ಹೋದ್ರು, ಉಪವಾಸ ಕೂತ್ರು, ಅವರ ಗಂಟಲದಾಗ ನಳಿಗಿ ಇಳಿಸಿ ಒತ್ತಾಯದಿಂದ ಉಣಿಸಿದ್ರು. ಇದು ಕಥಿ ಅಲ್ಲ, ನಡದದ್ದು.

ಸಿಬಿಲ್‌ಗೂ ಅದೇ ಹುಚ್ಚು. ಅಪ್ಪಗ ಸುಳ್ಳು ಹೇಳಿ ರಿಪನ್ ಊರಿಗೆ ಓಟಿನ ಫಲಿತಾಂಶ ನೋಡಲಿಕ್ಕೆ ಹೋಗತಾಳ, ಗದ್ದಲದಾಗ ತಲಿ ಒಡಕೋತಾಳ. ಕರಕೊಂಡು ಹೋದಾವ ಮನಿ ಡ್ರೈವರ್ ಬ್ರ್ಯಾನ್ಸನ್, ಐರ್ಲೆಂಡಿನ ಹುಡುಗ. ಓಟಿನ ಹಕ್ಕಿನ ಚೀಟಿಗಳನ್ನ ಆಕಿಗೆ ತಂದು ಕೊಟ್ಟಾವನೂ ಅವನ. ಮುಂದ ಇಬ್ಬರದೂ ಮನಸು ಕೂಡತದ. ಮಾಲಕರ ಮಗಳು, ಮನಿ ಆಳು! ಡಬ್ಲಿನ್‌ದಾಗ ಲಗ್ನ ಆದಾಗ ಅವ್ವ ಅಪ್ಪ ಹೋಗಲಿಲ್ಲ. ಅಕ್ಕಂದಿರಿಬ್ಬರೂ ಹೋದ್ರು. ಆಮ್ಯಾಲ ದೊಡ್ಡಾಕಿ ಲಗ್ನಕ್ಕ ಬರಲಿಕ್ಕೆ ಇವರ ಕಡೆ ರೊಕ್ಕ ಇಲ್ಲ. ಗುಟ್ಟಾಗಿ ರೊಕ್ಕ ಕಳಿಸಿದಾಕಿ ಯಾರು ಗೊತ್ತೇನು? ಹಳೇ ರೀತಿ-ರಿವಾಜು ಅಂತ ದಿನಾ ಗುರುಗುಡೋ ಮುದುಕಿ, ಅವರ ಅಜ್ಜಿ!

ಸಿಬಿಲ್ 1920ರಾಗ ಬಾಣಂತನದಾಗ ತೀರಿಕೊಳ್ಳತಾಳ, ಬರೇ 24 ವರ್ಷಕ್ಕ. ಸೆರಗು ತೊಯ್ಯುವಂಗ ಅತ್ತೆ. ಆಮ್ಯಾಲ ಲೆಕ್ಕಾ ಹಾಕಿದೆ. ಅಲ್ಲಿ 1918ರಾಗ ಓಟು ಬಂದದ್ದು 30 ವರ್ಷ ದಾಟಿದ, ಆಸ್ತಿ ಇದ್ದವರಿಗೆ. ಗಂಡಸರ ಸರಿಸಮ, 21 ವರ್ಷಕ್ಕ ಸಿಕ್ಕದ್ದು 1928ರಾಗ. ಅಂದ್ರ ಓಟಿಗಾಗಿ ತಲಿ ಒಡಕೊಂಡಾಕಿ ಒಂದು ಓಟೂ ಹಾಕಲಿಲ್ಲ. ಗಂಡನ್ನ ಮಾತ್ರ ತಾನ ಆರಿಸಿಕೊಂಡ್ಲು.

ನಂದು ಉಲ್ಟಾ ನೋಡ್ರಿ. ಒಂದೂ ಇಲೆಕ್ಷನ್ ತಪ್ಪಿಸಿಲ್ಲ. ದಾರ್ಯಾಗ ನಮ್ಮ ಮನಿಯವರು ಯಾವ ಗುರುತು ಹೇಳತಾರೋ ಅದನ್ನ ಒತ್ತಿ ಬರತೀನಿ. ಓಟು ಹಾಕೇನಿ, ಆರಿಸಿಲ್ಲ.

ಆವತ್ತ ರಾತ್ರಿ ನಿದ್ದಿ ಬರಲಿಲ್ಲ. ನಮ್ಮ ತಂಗಿ ಮಗಳು ನೆನಪಾದ್ಲು. ಎರಡು ವರ್ಷದ ಹಿಂದ ಬ್ಯಾರೆ ಜಾತಿ ಹುಡುಗನ್ನ ರಜಿಸ್ಟರ್ ಲಗ್ನ ಆದ್ಲು. ತಂಗಿ ಫೋನ್ ಮಾಡಿ, “ಅಕ್ಕಾ, ನೀ ಒಬ್ಬಾಕಿ ಬಾ ಸಾಕು” ಅಂದಿದ್ಲು. ಮೊಣಕಾಲು ನೋಯ್ತಾವ ಅಂದೆ. ನೋಯ್ತಿರಲಿಲ್ಲ. ಇದನ್ನ ಓದೋ ನಿಮ್ಮೊಳಗೂ ಆವತ್ತ ಒಬ್ಬಾಕಿದು ಉಪವಾಸ ಇತ್ತು, ಒಬ್ಬಾಕಿಗೆ ಬಸ್ಸು ಸಿಗಲಿಲ್ಲ. ದೊರಿ ಮಗಳಿಗೆ ಅಷ್ಟು ಅತ್ತಾಕಿ, ಎತ್ತಿ ಆಡಿಸಿದ ಕೂಸಿಗೆ ನಾಲ್ಕು ಅಕ್ಷತಿ ಹಾಕಲಿಲ್ಲ.

ನಾದಿನಿಗೆ ಹೇಳಿದ್ರ, “ಬಿಳೇ ಮಂದಿ ಕಥಿ, ನಮಗ್ಯಾಕ ವೈನಿ?” ಅಂದ್ಲು. ನಮ್ಮ ಮಂಗಳೂರಿನ ಕಮಲಾದೇವಿಯವರು ಬಿಳೇ ಮಂದಿ ಏನು? ಸಣ್ಣ ವಯಸ್ಸಿಗೇ ವಿಧವೆ ಆದವರು. ಬಂಗಾಲಿ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನ ಮೆಚ್ಚಿ ಲಗ್ನ ಆದ್ರು. 1926ರಾಗ ಮದ್ರಾಸ್ ಶಾಸನಸಭೆಗೆ ನಿಂತು ಸ್ವಲ್ಪರಾಗ ಸೋತ್ರು. ಮಂದಿ ಏನಂತಾರ ಅಂತ ಅವರೂ ಮೊಣಕಾಲು ಹಿಡಕೊಂಡು ಕೂಡಬಹುದಿತ್ತು.

ಉಂಡಿ ಕಟ್ಟಿದ ಮ್ಯಾಲ ಗುಟ್ಟಾಗಿ ಒಂದು ಡಬ್ಬಿ ಕಳಿಸೋಣು ಅಂದುಕೊಂಡೆ, ಆ ಅಜ್ಜಿ ಹಂಗ. ಮತ್ತ ಬ್ಯಾಡ ಅನಿಸ್ತು. ಫೋನ್ ಹಚ್ಚಿದೆ. “ದೊಡ್ಡವ್ವಾ, ಮೊಣಕಾಲು ಹೆಂಗಾವ?” ಅಂತ ಕೇಳಿದ್ಲು. ಏನು ಹೇಳಲಿ ನಾನು! “ಪಂಚಮಿಗೆ ಇಬ್ಬರೂ ಬರ್ರಿ, ಜೋಕಾಲಿ ಕಟ್ಟಿಸ್ತೀನಿ” ಅಂದೆ.

ಮನಿಯವರಿಗೆ ಹೇಳೇನಿ. ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಪ್ಯಾಟಿಗೆ ಹೋಗಿ ಬರುವಾಗ ಹಗ್ಗ ತಂದಾರ.

ನೀವೂ ಬರ್ರೆವಾ. ಉಂಡಿ ರಗಡ ಆಗ್ಯಾವ.